ಕೊರಿಯಮ್ಮನ ಜಾಡಿಗೆ ಇಟ್ಟ ಕುಂಕುಮ

ಕೂಲಿ ಇಲ್ಲದೆ ದುಡಿಯುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಮರ್ಯಾದಸ್ಥ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಈ ವರ್ಷ. ವಾಲಂಟಿಯರ್!

ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಅದೇ ಆಗಿದ್ದೆನಂತೆ. ಯಾರೂ ಹೇಳಿರಲಿಲ್ಲ, ಅಷ್ಟೇ. ಹೇಳಿದ್ದರೆ ನಾನೂ ಒಂದು ಟೀ ಶರ್ಟು ಕೇಳಿ ಇಸಕೊಳ್ಳುತ್ತಿದ್ದೆ.

ಚಿನಕುರಳಿ ಕಡೆಯ ನಮ್ಮ ಬೀದಿಯಲ್ಲಿ ನನ್ನ ಮನೆ ಎದುರಿಗೆ ಬೋರೇಗೌಡನ ಮನೆ. ಅವನ ಹಿತ್ತಲಿನಲ್ಲಿ ಹಳೇ ಕೊಟ್ಟಿಗೆ. ಹಸು ಮಾರಿದ ಮೇಲೆ ಖಾಲಿ ಬಿದ್ದಿತ್ತು. ಮಳೆಗಾಲ ಮುಗಿದ ಮೇಲೆ ಅದನ್ನೂ ಹಿತ್ತಲನ್ನೂ ಸೇರಿಸಿ ಕೊರಿಯಾ ದೇಶದ ಒಬ್ಬ ಹೆಂಗಸಿಗೆ ಬಾಡಿಗೆಗೆ ಕೊಟ್ಟ. ಅವಳ ಹೆಸರು ಯಂಗ್‌ಮಿ. ಗಂಡನಿಗೆ ಮೈಸೂರಿನ ಕಡೆ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸ. ಊರವರು ಕೊರಿಯಮ್ಮ ಅಂದರು. ಅವಳೂ ಓ ಅಂದಳು. ಮುಗಿಯಿತು ನಾಮಕರಣ.

ಅವಳ ಕಸುಬು ಕೇಳಿ. ಸೋಯಾ ಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆಯ ಹಾಗೆ ತಟ್ಟಿ, ಭತ್ತದ ಹುಲ್ಲಿನಲ್ಲಿ ಕಟ್ಟಿ, ಕೊಟ್ಟಿಗೆಯ ತೊಲೆಗೆ ತೂಗುಹಾಕುವುದು. ಬೂಷ್ಟು ಬರುವವರೆಗೂ ಬಿಡುವುದು. (ಹೌದು, ಬರಲಿ ಅಂತಲೇ ಬಿಡುವುದು. ನಮ್ಮತ್ತೆಯ ಕಾಲದಲ್ಲಿ ಉಪ್ಪಿನಕಾಯಿಗೆ ಚೂರು ಬೂಷ್ಟು ಕಂಡರೆ ಬೈಗುಳ ಸೊಸೆಯ ತವರಿನವರೆಗೂ ಹೋಗುತ್ತಿತ್ತು.) ಆಮೇಲೆ ಆ ಇಟ್ಟಿಗೆಗಳನ್ನು ದೊಡ್ಡ ದೊಡ್ಡ ಮಣ್ಣಿನ ಜಾಡಿಗಳಲ್ಲಿ ಉಪ್ಪುನೀರಿಗೆ ಹಾಕಿ ಬಿಸಿಲಿಗೆ ಇಡುವುದು. ಹದ ಬಂದ ಮೇಲೆ ನೀರನ್ನು ಬೇರೆ ಮಾಡಿ, ಹಿಟ್ಟನ್ನು ಬೇರೆ ಮಾಡುವುದು. ಆ ನೀರಿಲ್ಲದೆ ಅವರ ಅಡುಗೆಗೆ ಉಪ್ಪಿಲ್ಲ, ಆ ಹಿಟ್ಟಿಲ್ಲದೆ ಸಾರಿಲ್ಲ. ಬೆಂಗಳೂರಿನಲ್ಲಿರುವ ಅವರ ದೇಶದವರು ಇದಕ್ಕಾಗಿ ಕಾದು ಕೂತಿರುತ್ತಾರಂತೆ.

ಮೊದಲು ಬೆಂಗಳೂರಿನ ಒಂದು ಫ್ಲಾಟಿನ ತಾರಸಿಯ ಮೇಲೇ ಮಾಡುತ್ತಿದ್ದಳು. ವಾಸನೆ ಅಂತ ಓಡಿಸಿದರು. ಇನ್ನೊಂದು ಸಲ ಎತ್ತಂಗಡಿಯಾದರೆ ಈ ಕಸುಬನ್ನೇ ಬಿಡುತ್ತೇನೆ ಅಂತ ಗಂಡನಿಗೆ ಮಾತು ಕೊಟ್ಟು ಇಲ್ಲಿಗೆ ಬಂದಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಅರ್ಧ ಕನ್ನಡ, ಅರ್ಧ ಕೈಯಲ್ಲಿ. ಅಮ್ಮನಿಂದ ಕಲಿತಿದ್ದಂತೆ. ಅಮ್ಮ ಈಗಿಲ್ಲ. ಜಾಡಿಗಳಿವೆ.

ನಾನು ಮೊದಲು ಅಲ್ಲಿಗೆ ಹೋಗಿದ್ದು ಬೈಯುವುದಕ್ಕೆ. ವಾಸನೆ ಹಾಗಿತ್ತು. ಮಳೆಯಲ್ಲಿ ನೆನೆದ ಕಾಲುಚೀಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಮರೆತರೆ ಹೇಗಿರುತ್ತದೆ? ಹಾಗೆ.

'ಏನಮ್ಮಿ ಇದು ವಾಸ್ನೆ, ಊರ್ನಾಗೆ ಜನ ಬಾಳ್ಬ್ಯಾಡ್ವಾ?' ಅಂತ ಶುರು ಮಾಡಿದೆ. ಅವಳು ನಕ್ಕು, 'ಅಜ್ಜಿ, ಹಿಡಿ' ಅಂತ ಒಂದು ಬಟ್ಟೆಯ ತುದಿ ನನ್ನ ಕೈಗೆ ಕೊಟ್ಟಳು. ಇನ್ನೊಂದು ತುದಿ ಅವಳ ಕೈಯಲ್ಲಿ. ನಡುವೆ ಬಿಸಿ ಬಿಸಿ ಬೆಂದ ಕಾಳು. ಬಿಟ್ಟರೆ ಕಾಳು ಮಣ್ಣಿಗೆ ಬೀಳುತ್ತದೆ. ಬೇಳೆಕಾಳು ಮಣ್ಣಿಗೆ ಬೀಳಲು ಬಿಡುವ ಜಾತಿ ನನ್ನದಲ್ಲ. ಹಿಡಿದೆ. ಸಂಜೆಯವರೆಗೂ ಹಿಡಿದೇ ಇದ್ದೆ. ಹೀಗೆ ನಾನು ವಾಲಂಟಿಯರ್ ಆದೆ. ಬೈಗುಳ ಬಾಕಿ ಉಳಿಯಿತು.

ಭಾನುವಾರ ಭಾನುವಾರ ಕೊರಿಯಮ್ಮನ ಕೆಲಸಕ್ಕೆ ಅಸಲಿ ವಾಲಂಟಿಯರುಗಳು ಬರುತ್ತಿದ್ದರು. ಮೈಸೂರು, ಬೆಂಗಳೂರಿನ ಮಕ್ಕಳು. ಹುಲ್ಲಿನ ಟೋಪಿ, ಕಪ್ಪು ಕನ್ನಡಕ. ಅವರಲ್ಲಿ ನಿಧಿ ಅಂತ ಮೈಸೂರಿನ ಹುಡುಗಿ, ಮಾತಿನ ಮಲ್ಲಿ. 'ಅಜ್ಜಿ, ಇಲ್ಲಿಗೆ ಬಂದ್ರೆ ಮಣ್ಣಿನ ಜೊತೆ ಕನೆಕ್ಟ್ ಆದಂಗೆ ಅನ್ಸುತ್ತೆ' ಅಂದಳು. ಕೈಗೆ ಗ್ಲೌಸ್ ಹಾಕಿಕೊಂಡಿದ್ದಳು.

ಬರೀ ಅವರನ್ನು ಆಡಿಕೊಂಡರೆ ನ್ಯಾಯವಲ್ಲ. ನಮ್ಮಲ್ಲೂ ಕೂಲಿಯಿಲ್ಲದ ಕೆಲಸವಿತ್ತು. ಮುಯ್ಯಾಳು ಅನ್ನುತ್ತಿದ್ದೆವು. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಬರದಿದ್ದರೆ ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದೆವು. ಈ ಮಕ್ಕಳು ಯಾರ ಗದ್ದೆಗೆ ವಾಪಸು ಹೋಗುತ್ತಾರೆ? ಫೋಟೋ ತೆಗೆದುಕೊಂಡು ಮೈಸೂರಿಗೆ ಹೋಗುತ್ತಾರೆ.

ಕೊರಿಯಮ್ಮ ಮಾತ್ರ ಬಂದಳು. ನಾನು ಜಗುಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದೆ. ಕರೆದಿರಲಿಲ್ಲ. ಪಕ್ಕದಲ್ಲಿ ಕೂತು ಬೀಜ ಬಿಡಿಸಲು ಶುರು ಮಾಡಿದಳು. ಅವರ ದೇಶದ ಹಳ್ಳಿಗಳಲ್ಲೂ ಮುಯ್ಯಾಳು ಇದೆಯಂತೆ, ಹೆಸರು ಬೇರೆ. ಅವತ್ತಿನಿಂದ ಆ ವಾಸನೆ ನನಗೆ ಅಷ್ಟಾಗಿ ಹೊಡೆಯುತ್ತಿರಲಿಲ್ಲ. (ಮೂಗಿಗೂ ಮರ್ಯಾದೆ ಇರುತ್ತದೆ.)

ಜಾಡಿಗಳನ್ನು ತಂದವನು ಶ್ರೀರಂಗಪಟ್ಟಣದ ಫಯಾಜ್, ಗೂಡ್ಸ್ ಟೆಂಪೋದವನು. ಅವರ ದೇಶದಿಂದ ಹಡಗಿನಲ್ಲಿ ಬಂದ ಜಾಡಿಗಳು ಸಮುದ್ರವನ್ನೆಲ್ಲ ದಾಟಿ ಬಂದು, ಪಾಂಡವಪುರ ದಾಟುವಾಗ ರಸ್ತೆಯ ಒಂದು ಹಂಪಿಗೆ ಸೋತವು. ಒಂದು ಜಾಡಿ ಬುಡದಿಂದ ಮೇಲಿನವರೆಗೆ ಸೀಳು.

'ಅರೆ ಅಮ್ಮಾ, ಖುದಾ ಕಸಮ್, ಹಂಪು ಕಾಣ್ಲೇ ಇಲ್ಲ' ಅಂದ.

'ಕಣ್ಣಿಟ್ಕಂಡು ಓಡಿಸ್ದ್ಯೋ, ಫೋನಿಟ್ಕಂಡೋ?' ಅಂದೆ.

'ನೀವು ಪೊಲೀಸ್‌ನಲ್ಲಿರ್ಬೇಕಾಗಿತ್ತು' ಅಂದ. ಸೀಳಿದ ಜಾಡಿಯನ್ನು ಕೊರಿಯಮ್ಮ ಎಸೆಯಲಿಲ್ಲ. ಗೋಡೆಯ ಮೂಲೆಯಲ್ಲಿ ಬೋರಲು ಹಾಕಿದಳು. ಅದರ ಮೇಲೆ ನಾನು ಎಲೆಯಡಿಕೆ ಚೀಲ ಇಡುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಇಟ್ಟಿಗೆಗಳು ಉಪ್ಪುನೀರಿಗೆ ಬಿದ್ದವು. ಕೊರಿಯಮ್ಮ ಪ್ರತಿ ಜಾಡಿಗೂ ಒಣಮೆಣಸಿನಕಾಯಿ ಹಾಕಿದಳು, ಇದ್ದಿಲು ಹಾಕಿದಳು. ಆಮೇಲೆ ಭತ್ತದ ಹುಲ್ಲಿನಲ್ಲಿ ಹಗ್ಗ ಹೊಸೆದಳು. ನಾವು ಹೊಸೆಯುವುದಕ್ಕೆ ಉಲ್ಟಾ, ಎಡಕ್ಕೆ. ಅದಕ್ಕೆ ಮೆಣಸಿನಕಾಯಿ, ಇದ್ದಿಲು ಸಿಕ್ಕಿಸಿ ಜಾಡಿಯ ಕುತ್ತಿಗೆಗೆ ಕಟ್ಟಿದಳು. ಕೊನೆಗೆ ಬಿಳಿ ಕಾಗದದಲ್ಲಿ ಒಂದು ಕಾಲುಚೀಲ ಕತ್ತರಿಸಿ, ಪಾದ ಮೇಲೆ ಮಾಡಿ, ದೊಡ್ಡ ಜಾಡಿಯ ಹೊಟ್ಟೆಗೆ ಅಂಟಿಸಿದಳು.

'ಯಾಕಮ್ಮಿ?'

'ಕೆಟ್ಟದು ಬರುತ್ತೆ. ಕಾಲುಚೀಲ ಒಳಗೆ ಹೋಗುತ್ತೆ. ಜಾಡಿಗೆ ಹೋಗಲ್ಲ.'

ಅಂದರೆ ದೃಷ್ಟಿ. ಇಷ್ಟೇ ತಾನೆ? ನನಗೆ ಅರ್ಥವಾಯಿತು. ಬೋರೇಗೌಡನಿಗೆ ಆಗಲಿಲ್ಲ.

ಮಾರನೇ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನನ್ನ ಮನೆಗೆ ಓಡಿ ಬಂದ.

'ದೊಡ್ಡವ್ವ, ಕೆಟ್ಟೆ! ಅವ್ಳು ಮಾಟ ಮಾಡಾಕ್ ಬಂದವ್ಳೆ ಕಣವ್ವ! ಇದ್ದಿಲು, ಮೆಣಸಿನಕಾಯಿ, ಒಳ್ಗೆ ಬೂಷ್ಟು ಇಡ್ದಿರ ಉಂಡೆ. ಮ್ಯಾಲೆ ಪಾದ, ಬಿಳೀ ಪಾದ, ತಿರುಗಾ ಮುರುಗಾ! ದೆವ್ವಕ್ಕಲ್ಲದೆ ಇನ್ಯಾರ್ಗೈತೆ ಅಂಗೆ ಕಾಲು?'

'ಮೊದ್ಲು ಬಾಯ್ ತೊಳ್ಕೊಳ್ಲಾ' ಅಂದೆ.

ಅವನ ಸಂಕಟ ಬೇರೆಯೇ ಇತ್ತು. ಮಗಳನ್ನು ನೋಡಲು ಭಾನುವಾರ ನಾಗಮಂಗಲದ ಕಡೆಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಮಾತಿನಲ್ಲೇ ಮುರಿದಿದ್ದವು. ಮೂರನೆಯದೂ ಮುರಿದರೆ ಊರಿನವರು ಜಾಡಿಯ ಕಡೆ ಬೆರಳು ತೋರಿಸುತ್ತಾರೋ, ಮಗಳ ಕಡೆಯೋ?

'ಸನಿವಾರದೊಳ್ಗೆ ಜಾಡಿ ಎತ್ಬೇಕು. ಇಲ್ದಿದ್ರೆ ನಾನೇ ಒಡ್ದಾಕ್ಬುಡ್ತೀನಿ' ಅಂದ.

ಈಗ ನೀರು ತುಂಬಿದ ಜಾಡಿ ಅಲ್ಲಾಡಿಸುವಂತಿಲ್ಲ. ಕೊರಿಯಮ್ಮ ಸುದ್ದಿ ಕೇಳಿ ಅಳಲಿಲ್ಲ, ಕೂಗಾಡಲಿಲ್ಲ. ಸಾಲಾಗಿ ನಿಂತ ಜಾಡಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಶುರು ಮಾಡಿದಳು. ಒಂದು ಮುಗಿದ ಮೇಲೆ ಇನ್ನೊಂದು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ನನಗೆ ರೇಗಿತು. ಯಾರ ಮೇಲೆ ಅಂತ ಕೇಳಬೇಡಿ.

ಬೋರೇಗೌಡನನ್ನು ರಟ್ಟೆ ಹಿಡಿದು ಅವನ ಬಾಗಿಲ ಮುಂದೆಯೇ ನಿಲ್ಲಿಸಿದೆ. 'ಇದೇನ್ಲಾ?'

'ಕುಂಬ್ಳಕಾಯಿ.'

'ಇದು?'

'ನಿಂಬೆಅಣ್ಣು, ಮೆಣಸಿನಕಾಯಿ.'

'ಈ ನಾಲ್ಗೆ ಚಾಚ್ಕೊಂಡಿರೋನು ಯಾರು, ನಿಮ್ಮ್ ಮಾವ್ನಾ? ನಿನ್ನ್ ಟ್ರಾಕ್ಟರ್‌ಗೆ ಅಳೇ ಚಪ್ಲಿ ಕಟ್ಟಿದ್ದೀಯಲ್ಲ, ಅದೇನು ಮಾಟವಾ? ನೀನು ಚಪ್ಲಿ ಕಟ್ದೆ, ಅವ್ಳು ಕಾಲ್ಚೀಲ ಅಂಟಿಸವ್ಳೆ. ನಿನ್ಗಿಂತ ಅವ್ಳೇ ಚೊಕ್ಕ.'

ಅವನು ಸ್ವಲ್ಪ ಯೋಚಿಸಿ, 'ಕೊರಿಯಾದೋರ್ಗೂ ದೃಷ್ಟಿ ತಾಗ್ತದಾ?' ಅಂದ.

'ಕಣ್ಣಿರೋರ್ಗೆಲ್ಲ ತಾಗ್ತದೆ ಓಗು.'

'ಅದ್ಸರಿ. ಬೀಗ್ರಿಗೆ ನಾನೇನ್ ಏಳ್ಲಿ?'

ಇಲ್ಲೇ ನನ್ನ ತಲೆ ಓಡಿದ್ದು. ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದೆ. ದೊಡ್ಡ ಜಾಡಿಯ ಹೊಟ್ಟೆಗೆ, ಆ ಬಿಳಿ ಪಾದದ ಮೇಲ್ಗಡೆ, ಇಷ್ಟಗಲ ಅರಿಶಿನ ಬಳಿದು ಕುಂಕುಮ ಇಟ್ಟೆ. ಕೊರಿಯಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ಬೋರೇಗೌಡ ನೋಡಿದ. ಮುಖದ ಗಂಟು ಸಡಿಲವಾಯಿತು. ಅದೇ ಹಗ್ಗ, ಅದೇ ಇದ್ದಿಲು, ಅದೇ ಪಾದ. ಮೇಲೆ ಒಂದು ಚಿಟಿಕೆ ಕುಂಕುಮ ಬಿದ್ದಿದ್ದೇ ತಡ, ಮಾಟ ಹೋಗಿ ಮನೆಯ ವಸ್ತುವಾಯಿತು. ನಾನು ಗೆದ್ದೆ ಅಂದುಕೊಂಡೆ.

ಭಾನುವಾರ ಗಂಡಿನವರು ಬಂದರು. ಬೋರೇಗೌಡ ಮನೆಯ ತುಂಬಾ ಸಾಂಬ್ರಾಣಿ ಹಾಕಿಸಿ, ಯಾರೂ ಹಿತ್ತಲ ಕಡೆ ಹೋಗದಂತೆ ಬಾಗಿಲಿಗೆ ಅಡ್ಡ ಕೂತಿದ್ದ. ಆದರೆ ಗಂಡಿನ ತಾಯಿಗೆ ಕೈ ತೊಳೆಯಬೇಕಾಯಿತು. ಸೀದಾ ಹಿತ್ತಲಿಗೆ ಹೋದರು. ಹಿಂದೆ ನಾವೆಲ್ಲ ಓಡಿದೆವು.

ಆಕೆ ಜಾಡಿಯ ಮುಂದೆ ನಿಂತರು. ಚಪ್ಪಲಿ ಬಿಟ್ಟರು. ಎರಡೂ ಕೈ ಮುಗಿದರು. 'ಯಾವ್ ತಾಯಿ ಇದು?' ಅಂದರು.

ನಿಜ ಹೇಳಲು ಅದೇ ಹೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಬೋರೇಗೌಡ, 'ನಮ್ಮ್ ಮನೆ ದೇವ್ರು ಕಣಮ್ಮ. ಭಾರಿ ಸತ್ಯ' ಅಂದುಬಿಟ್ಟ!

ಸಂಜೆಯೊಳಗೆ ಸಂಬಂಧ ಕುದುರಿತು. ಹುಡುಗಿ ನರ್ಸಿಂಗ್ ಓದಿದ್ದಾಳೆ, ನೋಡಲು ಲಕ್ಷಣವಾಗಿದ್ದಾಳೆ, ಹುಡುಗ ಅವಳನ್ನು ಮೊದಲೇ ಬಸ್ಸಿನಲ್ಲಿ ನೋಡಿ ಒಪ್ಪಿದ್ದನಂತೆ. ಆದರೆ ಪುಣ್ಯ ಯಾರಿಗೆ ಹೋಯಿತು? ಜಾಡಿಗೆ.

ಸುದ್ದಿ ಹಬ್ಬಲು ಊರಿನ ಬಾಯಿ ಸಾಕಿತ್ತು. ಸಾಲದ್ದಕ್ಕೆ ನಮ್ಮ ನಿಧಿ ರೀಲ್ಸ್ ಬೇರೆ ಮಾಡಿದಳು. ಹಿಂದೆ ಓಲಗದ ಮ್ಯೂಸಿಕ್. ಮುಂದಿನ ವಾರ ಕೆ.ಆರ್. ಪೇಟೆ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದರು. ಮದುವೆಯಾಗದ ಮಕ್ಕಳ ತಾಯಂದಿರು ಹಗ್ಗಕ್ಕೆ ಅರಿಶಿನದ ದಾರ ಕಟ್ಟಿದರು. ತೆಂಗಿನಕಾಯಿ ಒಡೆದರು. ಆ ಟೆಂಪೋ ಫಯಾಜನದ್ದೇ. 'ಅಮ್ಮಾ, ಇದೇ ಜಾಡಿ ಅಲ್ವಾ ನಾನು ತಂದಿದ್ದು? ನನಗೂ ಸ್ವಲ್ಪ ಸವಾಬ್, ಪುಣ್ಯ, ಸಿಗುತ್ತಾ?' ಅಂದ. 'ನಿಂಗೆ ಹಂಪು ಕಂಡ್ರೆ ಸಾಕು ಓಗು' ಅಂದೆ.

ನೋಡಿ, ನಗು ಇಲ್ಲಿಗೆ ಮುಗಿಯಿತು.

ಬಿಸಿಲಿದ್ದಾಗ ಜಾಡಿಯ ಮುಚ್ಚಳ ತೆಗೆಯಬೇಕು. ಗಾಳಿ ಬಿಸಿಲು ಕಾಣದಿದ್ದರೆ ನೀರಿನ ಮೇಲೆ ಕೆಟ್ಟ ಬೂಷ್ಟು ಕಟ್ಟುತ್ತದೆ. (ಒಳ್ಳೆಯ ಬೂಷ್ಟು ಬೇರೆ, ಕೆಟ್ಟ ಬೂಷ್ಟು ಬೇರೆ. ಮನುಷ್ಯರಲ್ಲಿ ಇದ್ದ ಹಾಗೆ.) ಕೊರಿಯಮ್ಮ ಮುಚ್ಚಳಕ್ಕೆ ಕೈ ಹಾಕಿದರೆ ಬೋರೇಗೌಡನ ಹೆಂಡತಿ ಹೌಹಾರಿ ಬಂದು ಹಿಡಿದುಕೊಂಡಳು. ಲಗ್ನ ವೈಶಾಖದಲ್ಲಿ, ಅಲ್ಲಿಯವರೆಗೆ ತಾಯಿಯನ್ನು ಅಲ್ಲಾಡಿಸಬಾರದು ಅಂತ. ಬೇರೆ ಜಾಡಿಗಳಾದರೂ? ಅವೂ ಇಲ್ಲ. ದೊಡ್ಡದು ದೇವರಾದ ಮೇಲೆ ಉಳಿದವು ಅಕ್ಕತಂಗಿಯರಂತೆ!

'ಅಜ್ಜಿ, ಯುಗಾದಿ ಆದ ಮೇಲೆ ಹಿಟ್ಟು, ನೀರು ತೆಗೆಯಬೇಕು. ತೆಗೆಯದಿದ್ದರೆ ಎಲ್ಲ ಹೋಯಿತು' ಅಂದಳು ಕೊರಿಯಮ್ಮ. ವರ್ಷಕ್ಕೊಂದೇ ಸಲದ ದುಡಿಮೆ. ಗಂಡ ಆಗಲೇ ಫೋನಿನಲ್ಲಿ, ಸಾಕು ಬಾ ಅಂತಿದ್ದನಂತೆ. ಮಾಟ ಅಂದಾಗ ಒಡೆಯಲು ಬಂದರು, ದೇವರು ಅಂದ ಮೇಲೆ ಮುಟ್ಟಲು ಬಿಡಲಿಲ್ಲ. ಅವಳ ಪಾಲಿಗೆ ಎರಡರಲ್ಲಿ ಏನು ವ್ಯತ್ಯಾಸ?

ನಿಜ ಹೇಳಿ ನೋಡಿದೆ. ಬೀದಿಯಲ್ಲಿ ನಿಂತು ಹೇಳಿದೆ. 'ಅದು ಕಾಳು ಕಣ್ರೋ! ಸಾರ್ ಮಾಡೋ ಸಾಮಾನು! ಕುಂಕ್ಮ ಇಟ್ಟೋಳು ನಾನೇ!'

ಬೋರೇಗೌಡನ ಹೆಂಡತಿ ಗಲ್ಲ ಗಲ್ಲ ಬಡಿದುಕೊಂಡು, 'ದೊಡ್ಡವ್ವ, ತಾಯೇ ನಿನ್ ಕೈಲಿ ಇಡ್ಸ್ಕೊಂಡವ್ಳೆ' ಅಂದಳು. ಅವತ್ತೇ ನನ್ನ ಕಾಲಿಗೂ ಇಬ್ಬರು ಬಿದ್ದರು. ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದಾಗ ಇನ್ನೂ ಜಾಸ್ತಿ ನಂಬಿದರು, ಅದೇ ಸುಳ್ಳನ್ನು.

ನಿಧಿ, 'ಅವೇರ್‌ನೆಸ್ ಕ್ಯಾಂಪೇನ್ ಮಾಡೋಣ ಅಜ್ಜಿ' ಅಂದಳು. ನಿನ್ನ ರೀಲ್ಸ್ ಒಂದು ಅವೇರ್‌ನೆಸ್ಸೇ ಸಾಕು, ಸುಮ್ಮನಿರು ತಾಯಿ ಅಂದೆ. ತಲೆ ತಗ್ಗಿಸಿ ಸೌದೆ ಜೋಡಿಸಲು ಹೋದಳು. ಗ್ಲೌಸ್ ಇಲ್ಲದೆ.

ಎಲೆಯಡಿಕೆ ಹಾಕಿಕೊಳ್ಳೋಣ ಅಂತ ಹಿತ್ತಲ ಮೂಲೆಗೆ ಹೋದೆ. ಚೀಲ ಸೀಳಿದ ಜಾಡಿಯ ಮೇಲಿತ್ತು. ಚೀಲ ತೆಗೆದೆ. ಜಾಡಿ ನೋಡಿದೆ. ಎಲೆಗೆ ಸುಣ್ಣ ಹಚ್ಚುವುದನ್ನೂ ಮರೆತು ಬೋರೇಗೌಡನ ಹತ್ತಿರ ಹೋದೆ.

'ಏನ್ಲಾ ಬೋರ, ನಿಂಗೆ ನಾಚ್ಕೆ ಆಗಕಿಲ್ವಾ?'

'ಯಾಕವ್ವ?'

'ಮಗ್ಳ ಮದ್ವೆ ಮಾಡ್ಸ್‌ಕೊಟ್ಟ ತಾಯಿ. ಅವ್ಳ್ನ ಬಾಡ್ಗೆಯೋರ ಇತ್ಲಲ್ಲಿ, ಬಚ್ಚಲ ಪಕ್ಕ ನಿಲ್ಸಿದ್ದೀಯಲ್ಲ. ಬೀಗ್ರು ಏನಂದ್ಕತಾರೆ? ಮನೆ ದೇವ್ರು ಮನೆ ಮುಂದಿರ್ಬೇಕೋ, ಇತ್ಲಲ್ಲಿರ್ಬೇಕೋ?'

ಬೋರೇಗೌಡನ ಮುಖ ಕೆಂಪಾಯಿತು. ಅವತ್ತೇ ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸರನ್ನು ಕರೆತಂದ. ತುಂಬಿದ ಜಾಡಿಗೆ ಕೈ ಹಾಕಿ ಎಳೆದರು. ಉಸಿರು ಬಿಟ್ಟರು. ಮತ್ತೆ ಎಳೆದರು. ಒಬ್ಬನ ಪಂಚೆ ಬಿಚ್ಚಿತು. ಜಾಡಿ ಅಲ್ಲಾಡಲಿಲ್ಲ. ಕೊರಿಯಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

'ತಾಯಿ ಬರಾಕಿಲ್ಲ ಅಂತಾವ್ಳೆ' ಅಂದ ಒಬ್ಬ.

'ಬತ್ತಾಳೆ. ಅಂಗೆಲ್ಲ ರಟ್ಟೆ ಇಡ್ದು ಎಳುದ್ರೆ ನಿಮ್ಮವ್ವ ಬತ್ತಾಳಾ?' ಅಂದೆ. 'ಅಗ್ಗ ಬಿಚ್ಚಿ ಬೇರೆ ಜಾಡಿಗ್ ಕಟ್ಬೇಕು. ಅಗ್ಗ ಓದ್ ಕಡೆ ತಾಯಿ ಓಯ್ತಾಳೆ. ಕಟ್ಟಿದೋಳೇ ಬಿಚ್ಬೇಕು. ಕರಿ ಕೊರಿಯಮ್ಮನ್ನ.'

ಸೀಳಿದ ಜಾಡಿಯನ್ನು ತೊಳೆದು, ಸೀಳು ಗೋಡೆಯ ಕಡೆ ಬರುವಂತೆ ತಿರುಗಿಸಿ, ಬೋರೇಗೌಡನ ಜಗುಲಿಯ ಮೇಲೆ ನಿಲ್ಲಿಸಿದೆವು. ಕೊರಿಯಮ್ಮ ದೊಡ್ಡ ಜಾಡಿಯಿಂದ ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದಳು. ಹೊಸದಾಗಿ ಪಾದ ಕತ್ತರಿಸಿ ಅಂಟಿಸಿದಳು. ಕುಂಕುಮ ನಾನಿಟ್ಟೆ. ಮಂಗಳಾರತಿಯಾಯಿತು.

'ಒಳ್ಗೇನೈತೆ ದೊಡ್ಡವ್ವ?' ಅಂದ ಬೋರೇಗೌಡ ಮೆಲ್ಲಗೆ.

'ಮುಚ್ಳ ತೆಗ್ದು ನೋಡ್ಬಾರ್ದು.'

ಅಷ್ಟು ಸಾಕಾಯಿತು. ನೋಡಬಾರದು ಅಂದರೆ ನಮ್ಮವರಿಗೆ ನಂಬುವುದು ಎಷ್ಟು ಸುಲಭ!

ಅಕ್ಕ ಬೀದಿಗೆ ಬಂದ ಮೇಲೆ ಹಿತ್ತಲಿನಲ್ಲಿ ತಂಗಿಯರನ್ನು ಕೇಳುವವರಿಲ್ಲ. ಮಾರನೇ ದಿನವೇ ಮುಚ್ಚಳಗಳು ಬಿಸಿಲಿಗೆ ತೆರೆದವು. ಎರಡು ಜಾಡಿಗಳಲ್ಲಿ ಕೆಟ್ಟ ಬೂಷ್ಟು ಕಟ್ಟಿತ್ತು. ಕೊರಿಯಮ್ಮ ಮೂಸಿ ನೋಡಿ, ಅವನ್ನು ಗುಂಡಿಗೆ ಸುರಿದಳು. ಉಳಿದವು ಉಳಿದವು.

ಯುಗಾದಿ ಕಳೆದ ವಾರ ಹಿಟ್ಟು ಬೇರೆ, ನೀರು ಬೇರೆ ಮಾಡಿದೆವು. ಬೆರಳಿಗೆ ಹತ್ತಿದ್ದನ್ನು ನಾನೂ ನೆಕ್ಕಿದೆ. ನಮ್ಮ ಹುರುಳಿ ಕಟ್ಟಿನ ಸಾರಿಗೆ ದೂರದ ಊರಿನಲ್ಲಿ ಒಬ್ಬಳು ಅಕ್ಕ ಇದ್ದರೆ ಹೀಗಿರುತ್ತಾಳೆ. ಕೊರಿಯಮ್ಮ ಕಣ್ಣುಮುಚ್ಚಿ ರುಚಿ ನೋಡಿ, ಅವರ ಭಾಷೆಯಲ್ಲಿ ಯಾರಿಗೋ ಏನೋ ಹೇಳಿದಳು. ನಾನು ಕೇಳಲಿಲ್ಲ. ಆಮೇಲೆ ಗಂಡನಿಗೆ ಫೋನು ಮಾಡಿ, ಬರುವ ವರ್ಷಕ್ಕೆ ಕಾಳು ಎಲ್ಲಿ ತರುವುದು ಅಂತ ಮಾತಾಡಿದಳು. ಅದಕ್ಕೆ ಭಾಷೆ ಬೇಕಿರಲಿಲ್ಲ, ಕೈ ಆಡಿಸುತ್ತಿದ್ದುದು ನೋಡಿಯೇ ತಿಳಿಯಿತು.

ವೈಶಾಖದಲ್ಲಿ ಮದುವೆಯೂ ಆಯಿತು. ಜಗುಲಿಯ ಜಾಡಿಗೆ ಈಗ ಬೆಳಿಗ್ಗೆ ಸಂಜೆ ಪೂಜೆ. ಮೊನ್ನೆ ತಗಡಿನ ಸೂರು ಹಾಕಿಸಿದ್ದಾರೆ. ಗಂಟೆಯೂ ಬಂದಿದೆ. ಹಿತ್ತಲಿನಲ್ಲಿ ಊಟಕ್ಕಾಗುವ ಜಾಡಿಗಳು ಒಂದು ಹೂವೂ ಇಲ್ಲದೆ ಬಿಸಿಲು ಕಾಯುತ್ತಿವೆ.

ನಿನ್ನೆ ಹುಣಸೆಬೀಜ ಬಿಡಿಸುತ್ತಾ ಕೊರಿಯಮ್ಮ ಕೇಳಿದಳು, 'ಅಜ್ಜಿ, ಆ ಜಾಡಿ ಒಳಗೆ ಏನೂ ಇಲ್ಲ ಅಲ್ವಾ?'

'ಅದ್ಕೇ ಕಣಮ್ಮಿ, ಅದು ಯಾವತ್ತೂ ಕೆಡಾಕಿಲ್ಲ' ಅಂದೆ.